ಒಬ್ಬಳೇ, ಒಂದು ತಿಂಗಳು, 35 ಸಾವಿರ: ಉತ್ತರದ ಕಡೆ ಹೋಗಿಬರಲು ಸಾಕಾ?

ಪ್ರಶ್ನೆ: ನಾನು ದಾವಣಗೆರೆಯವಳು, ವಯಸ್ಸು 26. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಸೇರುವ ನಡುವೆ ಫೆಬ್ರವರಿಯಲ್ಲಿ ಒಂದು ತಿಂಗಳು ಬಿಡುವು ಸಿಗುತ್ತದೆ. ಕೈಯಲ್ಲಿ 35 ಸಾವಿರ ರೂಪಾಯಿ ಇದೆ. ಒಬ್ಬಳೇ ಇಡೀ ಭಾರತ ಸುತ್ತಬೇಕು ಅಂತ ಆಸೆ. ಎಲ್ಲೋರಾ, ಆಗ್ರಾ, ಕಾಶ್ಮೀರ, ಅಮೃತಸರ, ಕಾಶಿ, ಆಮೇಲೆ ಮೇಘಾಲಯ. ಹಿಂದಿ ಅರ್ಥ ಆಗುತ್ತದೆ, ಮಾತಾಡಲು ತಡವರಿಸುತ್ತೇನೆ. ಅಮ್ಮ ತುಂಬಾ ಹೆದರಿದ್ದಾರೆ. ಇದು ಆಗುವ ಮಾತಾ?

ಉತ್ತರ: ಆಗುತ್ತದೆ. 35 ಸಾವಿರಕ್ಕೆ ಒಂದು ತಿಂಗಳು ನೆಮ್ಮದಿಯಾಗಿ ಓಡಾಡಬಹುದು. ಆದರೆ ನೀವು ಕೊಟ್ಟ ಪಟ್ಟಿ ಪೂರ್ತಿ ಆಗುವುದಿಲ್ಲ. ಕಾಶ್ಮೀರ ಮತ್ತು ಮೇಘಾಲಯ ಎರಡನ್ನೂ ಈ ಸಲ ಬಿಡಿ.

ಯಾಕೆ ಅಂತ ಹೇಳುತ್ತೇನೆ. ಒಂಟಿಯಾಗಿ ಹೋಗುವವರ ದುಡ್ಡು ಕರಗುವುದು ಊಟಕ್ಕಲ್ಲ, ಊರು ಬದಲಾಯಿಸುವ ದಿನ. ಸ್ಟೇಷನ್ನಿಗೆ ಆಟೊ, ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕಿದ್ದು ತಿನ್ನುವುದು, ಹೊಸ ಊರಲ್ಲಿ ಇಳಿದ ತಕ್ಷಣ ಮತ್ತೊಂದು ಆಟೊ, ಸುಸ್ತಾಗಿದ್ದಾಗ ಚೌಕಾಸಿ ಮಾಡಲು ಮನಸ್ಸಿಲ್ಲದೆ ಹೇಳಿದ ರೇಟಿಗೆ ಒಪ್ಪಿಕೊಂಡ ರೂಮು. ಜೊತೆಗೆ ಇನ್ನೊಬ್ಬರಿದ್ದರೆ ಇದೆಲ್ಲ ಅರ್ಧ ಆಗುತ್ತದೆ, ನಿಮಗೆ ಆಗುವುದಿಲ್ಲ. ಹಾಗಾಗಿ ಎಷ್ಟು ಕಡಿಮೆ ಸಲ ಜಾಗ ಬದಲಾಯಿಸುತ್ತೀರೋ ಅಷ್ಟು ಕಡಿಮೆ ಖರ್ಚು. ಬೆಂಗಳೂರಿಂದ ಮೇಘಾಲಯದ ಹೆಬ್ಬಾಗಿಲಾದ ಗುವಾಹಟಿಗೆ ಹೋಗಲು ರೈಲಿನಲ್ಲಿ ಎರಡು ದಿನಕ್ಕಿಂತ ಜಾಸ್ತಿ ಬೇಕು. ಅಮೃತಸರದಿಂದ ಮೇಘಾಲಯದ ಶಿಲ್ಲಾಂಗಿಗೆ ಹೋಗಿ, ಅಲ್ಲಿಂದ ವಾಪಸ್ ಬರುವುದೆಂದರೆ ನಿಮ್ಮ ರಜೆಯ ಒಂದು ದೊಡ್ಡ ಪಾಲು ಬೋಗಿಯಲ್ಲೇ ಕಳೆಯುತ್ತದೆ. ಈಶಾನ್ಯಕ್ಕೆ ಅಂತಲೇ ಬೇರೆ ಒಂದು ತಿಂಗಳು ಇಟ್ಟುಕೊಳ್ಳಿ. ಆಗ ಒಂದು ವಿಷಯ ನೆನಪಿರಲಿ: ಮೇಘಾಲಯ, ಅಸ್ಸಾಮಿಗೆ ನಮಗೆ ಪರ್ಮಿಟ್ ಬೇಡ, ಆದರೆ ಅರುಣಾಚಲ, ನಾಗಾಲ್ಯಾಂಡ್, ಮಿಜೋರಾಂ, ಮಣಿಪುರಕ್ಕೆ ಇನ್ನರ್ ಲೈನ್ ಪರ್ಮಿಟ್, ಅಂದರೆ ಆ ರಾಜ್ಯದೊಳಗೆ ಹೋಗಲು ಸರ್ಕಾರದ ಅನುಮತಿ ಪತ್ರ, ಬೇಕು. ಕಾಶ್ಮೀರಕ್ಕೆ ಹೋಗುವಾಗ ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಇರಬೇಕು. ಒಂಟಿಯಾಗಿ ಹೋಗುವವರಿಗೆ ಇದು ಸಣ್ಣ ವಿಷಯ ಅಲ್ಲ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ನನ್ನ ಉಳಿದ ಸಲಹೆಗಳೆಲ್ಲ ಅದರಿಂದಲೇ ಬರುತ್ತವೆ. ನಮ್ಮ ದೇಶದಲ್ಲಿ ಕಡಿಮೆ ದುಡ್ಡಲ್ಲಿ ದೂರ ಹೋಗುವವರು ಪ್ರವಾಸಿಗರಲ್ಲ. ಯಾತ್ರೆಗೆ ಹೋಗುವ ಅಜ್ಜಿಯರು, ಪರೀಕ್ಷೆ ಬರೆಯಲು ಹೋಗುವ ಹುಡುಗ ಹುಡುಗಿಯರು, ಕೂಲಿಗೆ ಹೋಗುವ ಕುಟುಂಬಗಳು. ಅವರಿಗಾಗಿ ಸ್ಲೀಪರ್ ಬೋಗಿ, ಛತ್ರ, ಮಠ, ಗುರುದ್ವಾರಗಳಲ್ಲಿ ಪುಕ್ಕಟೆ ಊಟ ಹಾಕುವ ಲಂಗರ್, ಶೇರ್ ಆಟೊ, ಸ್ಟೇಷನ್ ಡಾರ್ಮಿಟರಿ ಎಲ್ಲ ಆಗಲೇ ಇವೆ. ನೀವು ಅವರ ದಾರಿ ಹಿಡಿದರೆ ಅಗ್ಗವಾಗುತ್ತದೆ, ಸುತ್ತ ಜನರೂ ಇರುತ್ತಾರೆ. ಪ್ರವಾಸಿಗರಿಗೆ ಅಂತ ಕಟ್ಟಿದ ದಾರಿ ಹಿಡಿದರೆ ಪ್ರತಿ ಹೆಜ್ಜೆಗೂ ಕಮಿಷನ್ ಕೊಡಬೇಕಾಗುತ್ತದೆ.

ನಾನಾದರೆ ನಿಮಗೆ ಹಾಕಿಕೊಡುವ ದಾರಿ ಇದು. ದಾವಣಗೆರೆಯಿಂದ ಹುಬ್ಬಳ್ಳಿ, ಬೆಳಗಾವಿ ಮೇಲೆ ಪುಣೆ. ಅಲ್ಲಿಂದ ಬಸ್ಸಿನಲ್ಲಿ ಔರಂಗಾಬಾದ್, ಈಗ ಛತ್ರಪತಿ ಸಂಭಾಜಿನಗರ ಅಂತಾರೆ. ಮಹಾರಾಷ್ಟ್ರದ ಸರ್ಕಾರಿ ಎಸ್.ಟಿ. ಬಸ್ಸುಗಳಲ್ಲಿ 2023ರಿಂದ ಹೆಂಗಸರಿಗೆ ಅರ್ಧ ಟಿಕೆಟ್. ಎಲ್ಲೋರಾ ಅಲ್ಲಿಂದ ಸುಮಾರು 30 ಕಿಲೋಮೀಟರ್, ಸರ್ಕಾರಿ ಬಸ್ಸೇ ಹೋಗುತ್ತದೆ, ಟ್ಯಾಕ್ಸಿ ಬೇಡವೇ ಬೇಡ. ಎಲ್ಲೋರಾ ಮಂಗಳವಾರ ರಜೆ, ಅಜಂತಾ ಸೋಮವಾರ ರಜೆ, ತಾಜ್‌ಮಹಲ್ ಶುಕ್ರವಾರ ರಜೆ. ಈ ಮೂರು ರಜೆಯ ದಿನಗಳನ್ನು ಡೈರಿಯಲ್ಲಿ ಬರೆದುಕೊಂಡೇ ತಾರೀಖು ಹಾಕಿ.

ಎಲ್ಲೋರಾಕ್ಕೆ ಒಂದು ಪೂರ್ತಿ ದಿನ ಕೊಡಿ ಅಂತ ಕೇಳಿಕೊಳ್ಳುತ್ತೇನೆ. ಕೈಲಾಸ ದೇವಸ್ಥಾನ, ಅಂದರೆ 16ನೇ ಗುಹೆ, ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ್ದು, 8ನೇ ಶತಮಾನ. ಒಂದೇ ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡಿದು ಮಾಡಿದ್ದು. ಮುಂದೆ ಮಳಖೇಡದಿಂದ ಆಳಿದ ನಮ್ಮ ರಾಷ್ಟ್ರಕೂಟರೇ ಅವರು. ಪಟ್ಟದಕಲ್ಲಿನ ವಿರೂಪಾಕ್ಷ ದೇವಸ್ಥಾನ ನೋಡಿದ್ದರೆ ಹೋಲಿಕೆ ಕಣ್ಣಿಗೆ ಹೊಡೆಯುತ್ತದೆ. ನೋಡಿಲ್ಲವಾದರೆ ಹೊರಡುವ ಮುಂಚೆ ಒಂದು ವಾರಾಂತ್ಯ ಬಾದಾಮಿ, ಪಟ್ಟದಕಲ್ಲಿಗೆ ಒಬ್ಬರೇ ಹೋಗಿಬನ್ನಿ. ಶಕ್ತಿ ಯೋಜನೆಯಲ್ಲಿ ಬಸ್ ಖರ್ಚಿಲ್ಲ. ಒಬ್ಬರೇ ರೂಮು ಕೇಳುವುದು, ಒಬ್ಬರೇ ಕೂತು ಊಟ ಮಾಡುವುದು ಹೇಗಿರುತ್ತದೆ ಅಂತ ಕನ್ನಡ ನಾಡಿನಲ್ಲೇ ಅಭ್ಯಾಸ ಆಗುತ್ತದೆ.

ಸಂಭಾಜಿನಗರದಿಂದ ಜಳಗಾಂವ್ ಕಡೆ ಹೋಗುವ ಬಸ್ ಹತ್ತಿದರೆ ಅಜಂತಾ ದಾರಿಯಲ್ಲೇ ಸಿಗುತ್ತದೆ. ಮುಖ್ಯ ರಸ್ತೆಯಲ್ಲಿ ಇಳಿದು ಅಲ್ಲೇ ಬ್ಯಾಗ್ ಇಟ್ಟು, ಅವರದೇ ಶಟಲ್ ಬಸ್ಸಿನಲ್ಲಿ ಗುಹೆ ನೋಡಿ ಬಂದು, ಸಂಜೆ ಜಳಗಾಂವ್ ತಲುಪಿ ರಾತ್ರಿ ರೈಲು ಹಿಡಿದರೆ ಬೆಳಿಗ್ಗೆ ಭೋಪಾಲ್. ವಾಪಸ್ ಬಂದ ದಾರಿಗೇ ಹೋಗುವ ಕೆಲಸ ಇಲ್ಲ, ಒಂದು ರಾತ್ರಿಯ ರೂಮೂ ಉಳಿಯಿತು.

ಭೋಪಾಲ್ ಜನ ನೋಡದೆ ದಾಟಿ ಹೋಗುವ ಊರು, ನೀವು ಬಿಡಬೇಡಿ. ಅಲ್ಲಿಂದ ಸಾಂಚಿ ಸ್ತೂಪ ಸುಮಾರು 46 ಕಿಲೋಮೀಟರ್, ಸಾಂಚಿಗೆ ರೈಲು ಸ್ಟೇಷನ್ನೇ ಇದೆ, ಅಲ್ಲಿ ನಿಲ್ಲುವ ರೈಲು ನೋಡಿಕೊಂಡರೆ ಜನರಲ್ ಟಿಕೆಟ್ಟಲ್ಲಿ ಹೋಗಿಬರಬಹುದು. ಇನ್ನೊಂದು ದಿಕ್ಕಿಗೆ ಭೀಮ್‌ಬೆಟ್ಕಾ, ಆದಿಮಾನವರು ಚಿತ್ರ ಬರೆದ ಬಂಡೆಗಳು. ಅಲ್ಲಿಗೆ ಮಾತ್ರ ಹೆದ್ದಾರಿಯಿಂದ ಒಳಗೆ ಒಂಟಿ ರಸ್ತೆ, ಒಬ್ಬರೇ ನಡೆದು ಹೋಗಬೇಡಿ. ಹಾಸ್ಟೆಲ್ಲಿನಲ್ಲಿ ಇನ್ನಿಬ್ಬರನ್ನು ಜೊತೆ ಮಾಡಿಕೊಂಡು ಟ್ಯಾಕ್ಸಿ ಹಂಚಿಕೊಳ್ಳಿ. ಆಮೇಲೆ ಝಾನ್ಸಿಯಲ್ಲಿ ಇಳಿದು ಶೇರ್ ಆಟೊದಲ್ಲಿ ಓರ್ಛಾ. ಬೇತ್ವಾ ನದಿ ದಂಡೆ, ಜಹಾಂಗೀರ್ ಮಹಲ್, ರಾಮನನ್ನು ರಾಜ ಅಂತಲೇ ಪೂಜೆ ಮಾಡಿ ಪೊಲೀಸರು ಸೆಲ್ಯೂಟ್ ಹೊಡೆಯುವ ದೇವಸ್ಥಾನ. ಸಣ್ಣ ಊರು, ಕಾಲ್ನಡಿಗೆಯಲ್ಲೇ ಎಲ್ಲ ಆಗುತ್ತದೆ. ಪ್ರಯಾಣ ಶುರುವಾಗಿ ಹತ್ತು ದಿನ ಆದ ಮೇಲೆ ಮೈ ಮನಸ್ಸು ಎರಡೂ ಸೋಲುತ್ತವೆ, ಆಗ ಇಲ್ಲಿ ಮೂರು ದಿನ ಸುಮ್ನೆ ಇದ್ದುಬಿಡಿ.

ಆಗ್ರಾಕ್ಕೆ ಒಂದೇ ದಿನ ಸಾಕು. ತಾಜ್‌ಮಹಲಿಗೆ ಭಾರತೀಯರಿಗೆ 50 ರೂಪಾಯಿ, ಗೋರಿಯ ಒಳಗೆ ಹೋಗಲು ಇನ್ನೂ 200. ದೆಹಲಿಯಲ್ಲಿ ಎರಡು ಮೂರು ದಿನ, ಮೆಟ್ರೊದಲ್ಲೇ ಓಡಾಡಿ, ಮಹಿಳೆಯರ ಬೋಗಿ ಬೇರೆಯೇ ಇದೆ. ಹೊಸ ದೆಹಲಿ ಸ್ಟೇಷನ್ ಹೊರಗೆ ಯಾರಾದರೂ ಬಂದು ನಿಮ್ಮ ರೈಲು ರದ್ದಾಗಿದೆ, ನಿಮ್ಮ ಹೋಟೆಲ್ ಮುಚ್ಚಿದೆ, ಟೂರಿಸ್ಟ್ ಆಫೀಸಿಗೆ ಕರೆದುಕೊಂಡು ಹೋಗುತ್ತೇನೆ ಅಂದರೆ ನಿಲ್ಲದೆ ಮುಂದೆ ನಡೆಯಿರಿ. ಉತ್ತರ ಕೂಡ ಕೊಡಬೇಡಿ.

ಅಲ್ಲಿಂದ ಅಮೃತಸರ. ಹರಿಮಂದಿರದ, ಅಂದರೆ ಸ್ವರ್ಣಮಂದಿರದ, ಲಂಗರ್ ಹಗಲು ರಾತ್ರಿ ನಡೆಯುತ್ತದೆ, ಯಾರು ಏನು ಅಂತ ಕೇಳುವುದಿಲ್ಲ. ಪಕ್ಕದಲ್ಲೇ ಯಾತ್ರಿಗಳು ಉಳಿಯಲು ಗುರುದ್ವಾರದ ವಸತಿಗೃಹಗಳಿವೆ, ಶ್ರೀ ಗುರು ರಾಮದಾಸ್ ನಿವಾಸ ಅವುಗಳಲ್ಲಿ ಒಂದು, ತುಂಬಾ ಕಡಿಮೆ ಖರ್ಚಿನಲ್ಲಿ ಉಳಿಯಬಹುದು, ಜನ ಜಾಸ್ತಿ ಇದ್ದಾಗ ಜಾಗ ಸಿಗದೆಯೂ ಇರಬಹುದು. ತಲೆ ಮೇಲೆ ಬಟ್ಟೆ ಇರಬೇಕು, ತಂಬಾಕು, ಮದ್ಯ ಹತ್ತಿರಕ್ಕೂ ತರಬಾರದು. ಊಟ ಪುಕ್ಕಟೆ ಸಿಗುತ್ತದೆ ಅಂತ ತಿಂದು ಎದ್ದು ಬರಬೇಡಿ. ಒಂದು ಗಂಟೆ ತಟ್ಟೆ ತೊಳೆಯಲು, ಬೆಳ್ಳುಳ್ಳಿ ಸುಲಿಯಲು ಕೂತುಕೊಳ್ಳಿ. ಒಂಟಿಯಾಗಿ ಹೋದವರಿಗೆ ಊರಿನ ಹೆಂಗಸರ ಜೊತೆ ಕೂತು ಮಾತಾಡಲು ಇದಕ್ಕಿಂತ ಸುಲಭದ ಜಾಗ ನನಗೆ ಗೊತ್ತಿಲ್ಲ, ಹಿಂದಿ ತಡವರಿಸಿದರೂ ಅಲ್ಲಿ ಯಾರಿಗೂ ಲೆಕ್ಕಕ್ಕಿಲ್ಲ.

ಆಮೇಲೆ ಹರಿದ್ವಾರ, ಅಲ್ಲಿಂದ ರಾತ್ರಿ ರೈಲಿನಲ್ಲಿ ಕಾಶಿ. ಕಾಶಿಯಲ್ಲಿ ನಮ್ಮವರಿಗೆ ಹಳೆಯ ನೆಲೆ ಇದೆ. ಗೋದೌಲಿಯಾ ಹತ್ತಿರ ಜಂಗಮವಾಡಿ ಮಠ ಇದೆ, ವೀರಶೈವರ ಕಾಶಿ ಪೀಠ ಅದೇ. ಹನುಮಾನ್ ಘಾಟ್, ಕೇದಾರ ಘಾಟ್ ಸುತ್ತ ದಕ್ಷಿಣದವರ ಮಠ, ಛತ್ರಗಳಿವೆ, ಕರ್ನಾಟಕ ಘಾಟ್ ಅಂತಲೇ ಒಂದು ಘಾಟ್ ಕೂಡ ಇದೆ. ತಿಂಗಳ ಕೊನೆಗೆ ಕನ್ನಡದ ಮಾತು, ಅನ್ನ ಸಾರಿನ ಊಟ ಕಂಡರೆ ಎಷ್ಟು ಖುಷಿ ಆಗುತ್ತದೆ ಅಂತ ಈಗ ನಿಮಗೆ ಗೊತ್ತಾಗುವುದಿಲ್ಲ. ಮಣಿಕರ್ಣಿಕಾ ಘಾಟಿನಲ್ಲಿ ಬಡವರ ಚಿತೆಗೆ ಸೌದೆ ಕೊಡಿಸಿ ಅಂತ ದುಡ್ಡು ಕೇಳುವವರು ಬರುತ್ತಾರೆ, ಕೈ ಮುಗಿದು ಮುಂದೆ ಹೋಗಿ. ದೋಣಿಗೆ ಒಬ್ಬರೇ ಕೂರಬೇಡಿ, ಹತ್ತು ಜನ ಕೂತಿರುವ ಶೇರ್ ದೋಣಿಯೇ ಅಗ್ಗ, ಅದೇ ಒಳ್ಳೆಯದು. ಹೋಳಿ ದಿನ ಮಾತ್ರ ಯಾವ ಊರಲ್ಲಿದ್ದರೂ ಮಧ್ಯಾಹ್ನ ಕಳೆಯುವವರೆಗೆ ಒಬ್ಬರೇ ಬೀದಿಗೆ ಇಳಿಯಬೇಡಿ. ಇದರಲ್ಲಿ ನಾನು ರಾಜಿ ಇಲ್ಲ.

ಈಗ ರೈಲಿನ ವಿಷಯ, ಇದು ಸ್ವಲ್ಪ ಉದ್ದ ಇದೆ. ರಿಸರ್ವೇಶನ್ ಮೊದಲು 120 ದಿನ ಮುಂಚೆ ತೆರೆಯುತ್ತಿತ್ತು, 2024ರ ನವೆಂಬರ್ 1ರಿಂದ 60 ದಿನ ಆಗಿದೆ. ಉದ್ದದ ರಾತ್ರಿ ಪ್ರಯಾಣಗಳನ್ನು, ಅಂದರೆ ಜಳಗಾಂವ್‌ನಿಂದ ಭೋಪಾಲ್, ಹರಿದ್ವಾರದಿಂದ ಕಾಶಿ, ಕಾಶಿಯಿಂದ ವಾಪಸ್, ಇವನ್ನು ತೆರೆದ ಕೂಡಲೇ ಮಾಡಿಸಿ. ಹಗಲಿನ ನಾಲ್ಕೈದು ಗಂಟೆಯ ಪ್ರಯಾಣಗಳನ್ನು ಈಗಲೇ ಕಟ್ಟಿಹಾಕಬೇಡಿ, ಒಂದು ಊರು ಹಿಡಿಸಿದರೆ ಎರಡು ದಿನ ಜಾಸ್ತಿ ಇರುವ ಸ್ವಾತಂತ್ರ್ಯಕ್ಕೇ ಅಲ್ವಾ ಒಬ್ಬರೇ ಹೋಗುವುದು? ವೇಟಿಂಗ್ ಲಿಸ್ಟ್ ಟಿಕೆಟ್ ಹಿಡಿದು ಸ್ಲೀಪರ್ ಹತ್ತುವಂತಿಲ್ಲ. ಆರ್‌ಎಸಿ ಆದರೆ ಹತ್ತಬಹುದು, ಆದರೆ ಸೈಡ್ ಸೀಟನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳಬೇಕು. ತತ್ಕಾಲ್ ಹಿಂದಿನ ದಿನ ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರಿಗೆ 11ಕ್ಕೆ ತೆರೆಯುತ್ತದೆ. 2025ರ ಜುಲೈನಿಂದ ಆಧಾರ್ ದೃಢೀಕರಣ ಆಗಿರುವ ಖಾತೆಗೆ ಮಾತ್ರ ಆನ್‌ಲೈನ್ ತತ್ಕಾಲ್ ಸಿಗುತ್ತದೆ. ಹಾಗಾಗಿ ನಿಮ್ಮ ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಿಸುವ ಕೆಲಸವನ್ನು ಮನೆಯಲ್ಲೇ ಮುಗಿಸಿ, ಹೋದಲ್ಲಿ ಒಟಿಪಿಗಾಗಿ ಪರದಾಡಬೇಡಿ. ಕನ್ಫರ್ಮ್ ಆದ ತತ್ಕಾಲ್ ಟಿಕೆಟ್ ರದ್ದು ಮಾಡಿದರೆ ದುಡ್ಡು ವಾಪಸ್ ಬರುವುದಿಲ್ಲ, ಅದೂ ಗೊತ್ತಿರಲಿ.

ಜಾಸ್ತಿ ಜನಕ್ಕೆ ಗೊತ್ತಿಲ್ಲದ ಒಂದು ಅನುಕೂಲ ನಿಮಗಿದೆ. ದೂರದ ಮೇಲ್, ಎಕ್ಸ್‌ಪ್ರೆಸ್ ರೈಲುಗಳ ಸ್ಲೀಪರ್ ಕ್ಲಾಸಿನಲ್ಲಿ ಆರು ಬರ್ತ್ ಹೆಂಗಸರಿಗೆ ಅಂತ ಮೀಸಲು. ಬುಕ್ ಮಾಡುವಾಗ ಜನರಲ್ ಬದಲು ಲೇಡೀಸ್ ಕೋಟಾ ಆರಿಸಿ. ಜನರಲ್‌ನಲ್ಲಿ ವೇಟಿಂಗ್ ತೋರಿಸುವಾಗ ಇಲ್ಲಿ ಜಾಗ ಇರುವುದುಂಟು. ಬರ್ತ್ ಯಾವುದು ಅಂದರೆ ಮೇಲಿನದೇ. ಲೋಯರ್ ಬರ್ತಿನಲ್ಲಿ ಹಗಲೆಲ್ಲ ನಾಲ್ಕು ಜನ ಬಂದು ಕೂರುತ್ತಾರೆ. ಮೇಲೆ ಹತ್ತಿದರೆ ಬ್ಯಾಗು ತಲೆಗೆ, ಬೇಕಾದಾಗ ನಿದ್ದೆ, ಯಾರೂ ಏಳಿ ಅನ್ನುವುದಿಲ್ಲ. ದೊಡ್ಡ ಬ್ಯಾಗಿದ್ದರೆ ಕೆಳಗಿನ ಬರ್ತಿನಡಿ ಕೊಂಡಿಗೆ ಚೈನು ಹಾಕಿ ಬೀಗ ಹಾಕಿ. ಸ್ಲೀಪರಿನಲ್ಲಿ ಹಾಸಿಗೆ ಹೊದಿಕೆ ಕೊಡುವುದಿಲ್ಲ, ಫೆಬ್ರವರಿಯಲ್ಲಿ ಝಾನ್ಸಿ ದಾಟಿದ ಮೇಲೆ ರಾತ್ರಿ ಚಳಿ ಇರುತ್ತದೆ, ಒಂದು ದಪ್ಪ ಹೊದಿಕೆ ಬೇಕೇ ಬೇಕು. ಏನೇ ತೊಂದರೆ ಆದರೂ 139ಕ್ಕೆ ಫೋನ್ ಮಾಡಿ ಅಥವಾ ರೈಲ್‌ಮದದ್ ಆಪ್‌ನಲ್ಲಿ ಬೋಗಿ, ಸೀಟ್ ನಂಬರ್ ಹಾಕಿ ದೂರು ಕೊಡಿ. ಪಕ್ಕದವರು ಅನುಚಿತವಾಗಿ ನಡೆದುಕೊಂಡರೆ ಸಹಿಸಿಕೊಂಡು ಕೂರಬೇಡಿ, ಜೋರಾಗಿ ಮಾತಾಡಿ, ಕನ್ನಡದಲ್ಲೇ ಬೈದರೂ ನಡೆಯುತ್ತದೆ, ಬೋಗಿಯಲ್ಲಿರುವ ಹೆಂಗಸರು ತಕ್ಷಣ ನಿಮ್ಮ ಕಡೆ ಬರುತ್ತಾರೆ. ರೈಲ್ವೆ ರಕ್ಷಣಾ ಪಡೆಯವರ (ಆರ್‌ಪಿಎಫ್) ಮೇರಿ ಸಹೇಲಿ ಅಂತ ಒಂದು ವ್ಯವಸ್ಥೆ 2020ರಿಂದ ಇದೆ, ಒಂಟಿಯಾಗಿ ಹೋಗುವ ಹೆಂಗಸರನ್ನು ಬಂದು ವಿಚಾರಿಸುತ್ತಾರೆ. ಬಂದರೆ ಸಂಕೋಚ ಬೇಡ, ಎಲ್ಲಿ ಇಳಿಯುತ್ತೀರಿ ಅಂತ ಹೇಳಿ.

ಸುತ್ತು ಪ್ರಯಾಣದ ಟಿಕೆಟ್ ಅಂತ ಒಂದಿದೆ, ಹೊರಟ ಸ್ಟೇಷನ್ನಿಗೇ ವಾಪಸ್ ಬರುವ ಒಂದೇ ಟಿಕೆಟ್, ದಾರಿಯಲ್ಲಿ ಎಂಟು ಕಡೆವರೆಗೆ ಇಳಿಯಬಹುದು, ದೂರ ಹೆಚ್ಚಿದಂತೆ ಕಿಲೋಮೀಟರಿನ ದರ ಇಳಿಯುವುದರಿಂದ ಅಗ್ಗ. ನಿಮ್ಮ ದಾರಿಯಲ್ಲಿ ನಡುವೆ ಬಸ್ ಬರುತ್ತದೆ, ಹಾಗಾಗಿ ಈ ಸಲ ಹೊಂದುವುದಿಲ್ಲ.

ನನ್ನ ಒಂದು ನಿಯಮ ಇದೆ, ಇದನ್ನು ನೀವೂ ಪಾಲಿಸಬೇಕು. ಹೊಸ ಊರಿಗೆ ಮೊದಲ ಸಲ ಕಾಲಿಡುವುದು ಬೆಳಕಿದ್ದಾಗಲೇ. ರೈಲು ಆರಿಸುವಾಗ ಹೊರಡುವ ಹೊತ್ತು ನೋಡಬೇಡಿ, ತಲುಪುವ ಹೊತ್ತು ನೋಡಿ. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಮೂರರೊಳಗೆ ತಲುಪುವಂತಿರಲಿ. ರೈಲು ತಡವಾಗಿ ರಾತ್ರಿ ಎರಡಕ್ಕೆ ಇಳಿಸಿದರೆ ಹೊರಗೆ ಹೋಗಬೇಡಿ. ಹೆಂಗಸರ ವೇಟಿಂಗ್ ರೂಮಿನಲ್ಲಿ ಕೂತು ಬೆಳಗಾದ ಮೇಲೆ ಹೊರಡಿ. ಕನ್ಫರ್ಮ್ ಟಿಕೆಟ್ ಇದ್ದರೆ ದೊಡ್ಡ ಸ್ಟೇಷನ್ನುಗಳ ರಿಟೈರಿಂಗ್ ರೂಮ್, ಡಾರ್ಮಿಟರಿಯನ್ನು ಪಿಎನ್ಆರ್ ಹಾಕಿ ಮೊದಲೇ ಆನ್‌ಲೈನ್ ಬುಕ್ ಮಾಡಬಹುದು. ಹಗಲು ಊರು ನೋಡಿ ರಾತ್ರಿ ರೈಲು ಹಿಡಿಯುವ ದಿನ ಬ್ಯಾಗನ್ನು ಕ್ಲೋಕ್ ರೂಮಿನಲ್ಲಿ ಇಡಿ. ಬೀಗ ಇಲ್ಲದ ಬ್ಯಾಗ್ ತೆಗೆದುಕೊಳ್ಳುವುದಿಲ್ಲ.

ಉಳಿಯಲು ಎಲ್ಲಿ? ಆಗ್ರಾ, ದೆಹಲಿ, ಕಾಶಿಯಂಥ ಊರುಗಳಲ್ಲಿ ಹಾಸ್ಟೆಲ್ ಸುಲಭವಾಗಿ ಸಿಗುತ್ತವೆ, ಹುಡುಗಿಯರಿಗೆ ಅಂತಲೇ ಬೇರೆ ಡಾರ್ಮಿಟರಿ ಇರುವುದನ್ನೇ ಆರಿಸಿ. ರಿವ್ಯೂ ಓದುವಾಗ ಒಂಟಿ ಹೆಂಗಸರು ಬರೆದದ್ದನ್ನು ಮಾತ್ರ ಓದಿ, ಅದರಲ್ಲೂ ಹೊಸದನ್ನು. ಛತ್ರ, ಧರ್ಮಶಾಲೆಗಳಲ್ಲಿ ಒಂದು ತೊಡಕಿದೆ. ಕೆಲವು ಕಡೆ ಒಬ್ಬರಿಗೆ ರೂಮು ಕೊಡುವುದಿಲ್ಲ, ಗಂಡಾಗಲಿ ಹೆಣ್ಣಾಗಲಿ. ಸಣ್ಣ ಲಾಡ್ಜುಗಳಲ್ಲೂ ಒಂಟಿ ಹುಡುಗಿ ಅಂದರೆ ಮುಖ ನೋಡುತ್ತಾರೆ. ಇದು ತಪ್ಪು, ನೋವಾಗುತ್ತದೆ, ಆದರೆ ರಾತ್ರಿ ಎಂಟು ಗಂಟೆಗೆ ಕೌಂಟರಿನಲ್ಲಿ ನಿಂತು ಅದನ್ನು ಸರಿ ಮಾಡಲು ಆಗುವುದಿಲ್ಲ. ಹಿಂದಿನ ದಿನವೇ ಫೋನ್ ಮಾಡಿ, ‘ಒಬ್ಬಳೇ ಬರುತ್ತಿದ್ದೇನೆ, ರೂಮು ಕೊಡುತ್ತೀರಾ’ ಅಂತ ನೇರವಾಗಿ ಕೇಳಿ. ಮಠಗಳಿಗೂ ಅಷ್ಟೇ. ಆಧಾರ್ ಜೊತೆ ವೋಟರ್ ಐಡಿ ಕೂಡ ಇರಲಿ.

ದುಡ್ಡಿನ ಲೆಕ್ಕ ಅಂದಾಜಿಗೆ ಹೀಗೆ ಹಾಕುತ್ತೇನೆ. ರೈಲು, ದೂರದ ಬಸ್ಸಿಗೆ 6 ಸಾವಿರ, ಎಲ್ಲ ಸ್ಲೀಪರ್ ಕ್ಲಾಸಿನಲ್ಲಿ. ರೈಲಿನ ರಾತ್ರಿಗಳನ್ನು ಕಳೆದು ಉಳಿಯುವ 25 ರಾತ್ರಿಗೆ ಸರಾಸರಿ 400ರಂತೆ 10 ಸಾವಿರ. ಊಟಕ್ಕೆ ದಿನಕ್ಕೆ 300, ಒಟ್ಟು 9 ಸಾವಿರ. ಆಟೊ, ಊರೊಳಗಿನ ಬಸ್, ಪ್ರವೇಶ ಟಿಕೆಟ್‌ಗೆ ದಿನಕ್ಕೆ 150, ಅಂದರೆ ನಾಲ್ಕೂವರೆ ಸಾವಿರ. ಪುರಾತತ್ವ ಇಲಾಖೆಯ ಜಾಗಗಳಲ್ಲಿ ನಮಗೆ ಹೆಚ್ಚಾಗಿ 25 ಇಲ್ಲವೇ 40 ರೂಪಾಯಿ ಟಿಕೆಟ್, ಅದು ಹೊರೆ ಆಗುವುದಿಲ್ಲ. ಒಟ್ಟು ಇಪ್ಪತ್ತೊಂಬತ್ತೂವರೆ ಸಾವಿರ. ಉಳಿದ ಐದೂವರೆ ಸಾವಿರವನ್ನು ಬೇರೆ ಬ್ಯಾಂಕ್ ಖಾತೆಯಲ್ಲಿಡಿ, ಮುಟ್ಟಬೇಡಿ. ಹುಷಾರು ತಪ್ಪಿದ ದಿನ ಒಳ್ಳೆಯ ರೂಮು ಹಿಡಿದು ಮಲಗಲು, ಎಸಿ ತತ್ಕಾಲ್ ಹಿಡಿದು ಮನೆಗೆ ಬರಲು ಆ ದುಡ್ಡು. ಯುಪಿಐ ಎಲ್ಲ ಕಡೆ ನಡೆಯುತ್ತದೆ, ಆದರೆ ಫೋನ್ ಹೋದರೆ ಅದೂ ಹೋಯಿತು. ಎರಡು ಸಾವಿರ ನಗದು, ಒಂದು ಡೆಬಿಟ್ ಕಾರ್ಡ್, ಮುಖ್ಯ ನಂಬರುಗಳನ್ನು ಬರೆದ ಕಾಗದ, ಇವು ಫೋನ್ ಇಲ್ಲದ ಇನ್ನೊಂದು ಚೀಲದಲ್ಲಿರಲಿ.

ಆಟೊದವರ ಜೊತೆ ಮಾತಿಗೆ ಹಿಂದಿಯ ಅಂಕಿ ಬಂದರೆ ಸಾಕು. ಡೇಢ್ ಸೌ ಅಂದರೆ 150, ಢಾಯಿ ಸೌ ಅಂದರೆ 250. ಇವೆರಡು ಗೊತ್ತಿಲ್ಲದೆ ಜಗಳ ಆಗುವುದೇ ಜಾಸ್ತಿ.

ಊಟದಲ್ಲಿ ಮೊದಲ ವಾರ ಹುಷಾರು. ಕತ್ತರಿಸಿಟ್ಟ ಹಣ್ಣು, ಐಸ್ ಹಾಕಿದ ಜ್ಯೂಸ್ ಬೇಡ. ಆಗಷ್ಟೇ ಬಿಸಿಬಿಸಿಯಾಗಿ ಮಾಡಿದ್ದನ್ನು ಧೈರ್ಯವಾಗಿ ತಿನ್ನಿ: ಭೋಪಾಲಿನ ಪೋಹಾ ಜಿಲೇಬಿ, ಕಾಶಿಯ ಕಚೋರಿ ಸಬ್ಜಿ, ಅಮೃತಸರದ ಕುಲ್ಚಾ, ಇವೇ ಹೊಟ್ಟೆ ತುಂಬಾ ತಿಂಡಿ. ಒಆರ್‌ಎಸ್ ಪ್ಯಾಕೆಟ್ ಯಾವಾಗಲೂ ಬ್ಯಾಗಿನಲ್ಲಿರಲಿ. ಮುಟ್ಟಿನ ದಿನಗಳನ್ನು ಲೆಕ್ಕ ಹಾಕಿ, ಆ ಎರಡು ಮೂರು ದಿನ ರಾತ್ರಿ ರೈಲು ಬಾರದಂತೆ, ಒಳ್ಳೆಯ ಬಚ್ಚಲು ಇರುವ ಜಾಗದಲ್ಲಿ ಇರುವಂತೆ ನೋಡಿಕೊಳ್ಳಿ. ಶೌಚಾಲಯ ಹುಡುಕುವ ಭಯಕ್ಕೆ ನೀರು ಕುಡಿಯದೆ ಓಡಾಡುವ ಹುಡುಗಿಯರು ತುಂಬಾ ಜನ, ದಯವಿಟ್ಟು ಹಾಗೆ ಮಾಡಬೇಡಿ. ಮೆಟ್ರೊ ಸ್ಟೇಷನ್, ಮ್ಯೂಸಿಯಂ, ಗುರುದ್ವಾರ, ರೈಲ್ವೆ ವೇಟಿಂಗ್ ರೂಮ್ ಎಲ್ಲ ಕಡೆ ಇರುತ್ತದೆ.

ಅಮ್ಮನ ವಿಷಯ. ‘ಹೆದರಬೇಡ’ ಅಂದರೆ ಯಾವ ತಾಯಿಗೂ ಭಯ ಹೋಗುವುದಿಲ್ಲ. ಅವರ ಕೈಗೆ ಒಂದು ಹಾಳೆ ಕೊಡಿ, ಯಾವ ದಿನ ಯಾವ ಊರು, ಯಾವ ರೈಲು, ಎಲ್ಲಿ ಉಳಿಯುತ್ತೀರಿ, ಅಲ್ಲಿನ ಫೋನ್ ನಂಬರ್ ಏನು ಅಂತ. ಬದಲಾದರೆ ಅದೇ ದಿನ ತಿಳಿಸಿ. ದಿನಕ್ಕೆ ಎರಡು ಸಲ ಗೊತ್ತಾದ ಹೊತ್ತಿಗೆ ಫೋನ್ ಮಾಡಿ. ಫೋನ್ ಬಾರದೆ ಎಷ್ಟು ಹೊತ್ತಾದರೆ ಅವರು ಯಾರಿಗೆ ಹೇಳಬೇಕು ಅನ್ನುವುದನ್ನೂ ಇಬ್ಬರೂ ಕೂತು ಮಾತಾಡಿಕೊಳ್ಳಿ. ಫೋನಿನ ಲೊಕೇಶನ್ ತಂಗಿಗೋ ಗೆಳತಿಗೋ ಕಾಣುವಂತಿರಲಿ. ದಾರಿಯಲ್ಲಿ ಸಿಕ್ಕವರಿಗೆ ಮಾತ್ರ ಇವತ್ತು ಎಲ್ಲಿ ಉಳಿದಿದ್ದೀರಿ, ನಾಳೆ ಎಲ್ಲಿಗೆ ಅನ್ನುವುದನ್ನು ಹೇಳಬೇಡಿ. ‘ಅಣ್ಣ ಇದೇ ಊರಲ್ಲಿದ್ದಾನೆ, ಸಂಜೆ ಬರುತ್ತಾನೆ’ ಅಂದರೆ ತಪ್ಪೇನಿಲ್ಲ.

ಸಂಜೆಗಳು ಕಷ್ಟ ಅಂತ ಯಾರೂ ಮೊದಲೇ ಹೇಳುವುದಿಲ್ಲ. ಮೂರನೇ ನಾಲ್ಕನೇ ದಿನ, ಬೆಳಕು ಇಳಿಯುವ ಹೊತ್ತಿಗೆ, ಯಾಕಾದರೂ ಬಂದೆನೋ ಅನ್ನಿಸುತ್ತದೆ. ಆಗ ಟಿಕೆಟ್ ರದ್ದು ಮಾಡುವ ತೀರ್ಮಾನ ತೆಗೆದುಕೊಳ್ಳಬೇಡಿ. ಊಟ ಮಾಡಿ, ಮಲಗಿ, ಬೆಳಿಗ್ಗೆ ಯೋಚಿಸಿ. ಬೆಳಿಗ್ಗೆಯೂ ಹಾಗೇ ಅನ್ನಿಸಿ, ಇನ್ನೆರಡು ದಿನವೂ ಹಾಗೇ ಇದ್ದರೆ ವಾಪಸ್ ಬನ್ನಿ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಮೊದಲು ಮಾಡಿಸಬೇಕಾದ ಟಿಕೆಟ್ ಹೋಗುವುದಲ್ಲ, ಬರುವುದು. ಕಾಶಿಯಿಂದ ಹುಬ್ಬಳ್ಳಿಗೆ ನೇರ ರೈಲು ದಿನಾ ಇಲ್ಲ, ಅದರ ದಿನ ಹೊಂದದಿದ್ದರೆ ಹತ್ತಿರದ ಪಂಡಿತ್ ದೀನ್ ದಯಾಳ್ ಉಪಾಧ್ಯಾಯ ಜಂಕ್ಷನ್ನಿನಿಂದ, ಹಳೆಯ ಮುಘಲ್‌ಸರಾಯ್, ಬೆಂಗಳೂರಿಗೆ ಸಂಘಮಿತ್ರಾ ದಿನಾ ಇದೆ. ಇದು ತುಂಬಾ ಜನ ಹತ್ತುವ ರೈಲು, ಎರಡು ರಾತ್ರಿ ಅದರಲ್ಲೇ ಇರಬೇಕು, ಬರ್ತ್ ಇಲ್ಲದೆ ಆಗುವುದಿಲ್ಲ. ನಿಮ್ಮ ವಾಪಸ್ ದಿನದಿಂದ 60 ದಿನ ಹಿಂದಕ್ಕೆ ಎಣಿಸಿ, ಆ ದಿನ ಬೆಳಿಗ್ಗೆ ಎಂಟಕ್ಕೆ ಬುಕಿಂಗ್ ತೆರೆಯುತ್ತದೆ, ಲೇಡೀಸ್ ಕೋಟಾ, ಅಪ್ಪರ್ ಬರ್ತ್.